ಮೇಲ್ವಿಚಾರಕನ ಬಿರುಮಾತು, ಮಾಲೀಕನ ಹೊಣೆ

ಸಣ್ಣ ಕೈಗಾರಿಕೆಗಳ ಪ್ಯಾಕಿಂಗ್ ವಿಭಾಗದಲ್ಲಾಗಲಿ, ಅಂಗಡಿಗಳ ಬಿಲ್ಲಿಂಗ್ ಕೌಂಟರಿನಲ್ಲಾಗಲಿ ಇಂದು ಹೆಚ್ಚಿನ ಸಂಖ್ಯೆಯಲ್ಲಿ ದುಡಿಯುತ್ತಿರುವವರು ಮಹಿಳೆಯರು. ಅವರಲ್ಲೊಬ್ಬಳು ಏಳು ತಿಂಗಳ ಗರ್ಭಿಣಿಯಾಗಿ, ಕುಳಿತು ಮಾಡುವ ಕೆಲಸ ಕೊಡಿರೆಂದು ಮೇಲ್ವಿಚಾರಕನನ್ನು ಕೇಳುತ್ತಾಳೆ. "ಆಗದಿದ್ದರೆ ಮನೆಯಲ್ಲಿರಮ್ಮ, ಬರುವವರು ಬೇಕಾದಷ್ಟು ಜನರಿದ್ದಾರೆ" ಎಂಬ ಉತ್ತರ ದೊರೆಯುತ್ತದೆ. ಮರುವಾರ ಆಕೆ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ "ಸ್ವಇಚ್ಛೆಯಿಂದ ಬಿಟ್ಟಿದ್ದಾಳೆ" ಎಂದು ದಾಖಲಾಗುತ್ತದೆ. ಮಾಲೀಕನಿಗೆ ಇದಾವುದೂ ತಿಳಿದಿರುವುದಿಲ್ಲ. ಆದರೆ ಕಾನೂನಿನ ಮುಂದೆ ಉತ್ತರ ಹೇಳಬೇಕಾದವನು ಆತನೇ.

1961ರ ಹೆರಿಗೆ ಸೌಲಭ್ಯ ಕಾಯ್ದೆಯು 2017ರಲ್ಲಿ ತಿದ್ದುಪಡಿಯಾಗಿ, ವೇತನಸಹಿತ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಆ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಹೆಸರು ಬದಲಾಯಿತೇ ಹೊರತು ಹಕ್ಕು ಬದಲಾಗಲಿಲ್ಲ. ಕಾರ್ಖಾನೆಗಳಿಗೂ, ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿ ಮತ್ತು ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. "ಆಕೆ ದಿನಗೂಲಿಯವಳು" ಎಂಬ ಸಬೂಬು ನಡೆಯುವುದಿಲ್ಲ. ದೆಹಲಿ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ರಲ್ಲಿಯೇ ದಿನಗೂಲಿ ಮಹಿಳೆಯರಿಗೂ ಈ ಸೌಲಭ್ಯ ಸಲ್ಲತಕ್ಕದ್ದೆಂದು ತೀರ್ಪಿತ್ತಿದೆ.

ಮೇಲ್ವಿಚಾರಕರು ಅರಿಯದ ಇನ್ನೊಂದು ಅಂಶವಿದೆ. ಹೆರಿಗೆಗೆ ಆರು ವಾರಗಳ ಮುಂಚಿನ ಒಂದು ತಿಂಗಳ ಕಾಲ, ಮತ್ತು ಆ ಆರು ವಾರಗಳಲ್ಲಿಯೂ ರಜೆ ಪಡೆಯದೆ ಕೆಲಸಕ್ಕೆ ಬರುತ್ತಿದ್ದರೆ, ಆಕೆ ಕೇಳಿಕೊಂಡಲ್ಲಿ ಶ್ರಮದ ಕೆಲಸವನ್ನಾಗಲಿ, ಬಹುಹೊತ್ತು ನಿಂತು ಮಾಡುವ ಕೆಲಸವನ್ನಾಗಲಿ ಒಪ್ಪಿಸುವಂತಿಲ್ಲ. ಹೆರಿಗೆಯಾದ ಆರು ವಾರಗಳವರೆಗೆ ಕೆಲಸಕ್ಕೆ ತೆಗೆದುಕೊಳ್ಳುವುದೇ ನಿಷಿದ್ಧ. ಹೆರಿಗೆ ರಜೆಯಲ್ಲಿರುವಾಗ ವಜಾ ಮಾಡುವುದು ಕಾನೂನುಬಾಹಿರ. ಅಂದರೆ ಕುರ್ಚಿಯೊಂದನ್ನು ನಿರಾಕರಿಸಿದ ಮೇಲ್ವಿಚಾರಕನು ಶಿಸ್ತನ್ನು ಕಾಯ್ದವನಲ್ಲ. ಮಾಲೀಕನನ್ನು ಮೊಕದ್ದಮೆಗೆ ಒಡ್ಡಿದವನು.

ಇಷ್ಟಕ್ಕೂ ಉಳಿತಾಯವಾದುದಾದರೂ ಏನು? ತಿಂಗಳಿಗೆ ರೂ. 15,000 ವೇತನ ಪಡೆಯುವ, ಇ.ಎಸ್.ಐ. ವ್ಯಾಪ್ತಿಯ ಕಾರ್ಮಿಕಳ ಲೆಕ್ಕವನ್ನು ನೋಡಬಹುದು. 2019ರ ಜುಲೈನಿಂದ ಮಾಲೀಕರ ವಂತಿಗೆ ಶೇ. 3.25, ಅಂದರೆ ರೂ. 487.50. ಅಗತ್ಯವಾದಷ್ಟು ದಿನಗಳ ವಂತಿಗೆ ಸಂದಾಯವಾಗಿದ್ದರೆ 26 ವಾರಗಳ ಸರಿಸುಮಾರು ರೂ. 90,000 ಮೊತ್ತವನ್ನು ಭರಿಸುವುದು ವಿಮಾ ನಿಗಮ, ಮಾಲೀಕನಲ್ಲ. ವಂತಿಗೆಯನ್ನು ತಪ್ಪದೆ ಕಟ್ಟಿಯೂ ಆಕೆಯನ್ನು ಹೊರಗಟ್ಟುವುದು ವಿಮೆಯ ಕಂತು ಕಟ್ಟಿ ಪಾಲಿಸಿಯನ್ನು ಹರಿದೆಸೆದಂತೆ. ಇನ್ನು ನುರಿತ ಕೈ ಹೋದ ಮೇಲೆ ಹೊಸಬಳನ್ನು ತರಬೇತುಗೊಳಿಸುವ ವೆಚ್ಚ, ಕೆಡುವ ಸರಕು, ತಡವಾಗುವ ರವಾನೆ ಇವು ಯಾವ ಖಾತೆಯಲ್ಲಿಯೂ ಕಾಣಿಸದಿದ್ದರೂ ಲಾಭವನ್ನು ಕೊರೆಯುವುದು ಖಚಿತ.

ಸಣ್ಣ ಉದ್ಯಮಿಯ ಕಷ್ಟ ಸುಳ್ಳೆಂದು ಯಾರೂ ಹೇಳಲಾರರು. ಇ.ಎಸ್.ಐ. ವೇತನ ಮಿತಿಯನ್ನು ಮೀರಿದ ನೌಕರಳಿದ್ದಲ್ಲಿ ಪೂರ್ಣ ಹೊರೆ ಮಾಲೀಕನ ಮೇಲೆಯೇ ಬೀಳುತ್ತದೆ. ಹನ್ನೆರಡು ಜನರ ಸಂಸ್ಥೆಗೆ ಅದು ಹಗುರವಲ್ಲ. ಏಳು ವಾರಗಳ ವೇತನವನ್ನು ಮಾಲೀಕರಿಗೆ ಮರುಪಾವತಿಸುವ ಪ್ರಸ್ತಾಪವನ್ನು ಕೇಂದ್ರ ಕಾರ್ಮಿಕ ಸಚಿವಾಲಯ 2018ರಲ್ಲಿ ಪ್ರಕಟಿಸಿತ್ತು. ಅಂತಹ ನೆರವಿಗಾಗಿ ವಾಣಿಜ್ಯ ಸಂಘಗಳು ಒತ್ತಾಯಿಸುವುದು ನ್ಯಾಯವಾಗಿದೆ. ಆದರೆ ಸರ್ಕಾರದೊಡನೆ ಹೂಡಬೇಕಾದ ವಾದವನ್ನು ಗರ್ಭಿಣಿಯ ಮೇಲೆ ಹೂಡುವುದು ನ್ಯಾಯವಲ್ಲ.

ಮಾಡಬೇಕಾದುದು ಕಷ್ಟಸಾಧ್ಯವೇನಲ್ಲ. ಗರ್ಭಿಣಿ ನೌಕರಳ ಲಿಖಿತ ಸೂಚನೆ ಮತ್ತು ವೈದ್ಯಕೀಯ ಪ್ರಮಾಣಪತ್ರ ಮೇಲ್ವಿಚಾರಕನ ಮೇಜಿನಲ್ಲಿ ಉಳಿಯದೆ ನೇರವಾಗಿ ಮಾಲೀಕನ ಕೈಸೇರಬೇಕು. ಆಕೆಗೆ ಸ್ವೀಕೃತಿ ದೊರೆಯಬೇಕು. ಕೆಲಸದ ಬದಲಾವಣೆಯನ್ನು ನಿರಾಕರಿಸುವ ಅಧಿಕಾರ ಮೇಲ್ವಿಚಾರಕನಿಗೆ ಇರಕೂಡದು. ಪ್ರತಿಯೊಂದು ಮುಖ್ಯ ಕೆಲಸವನ್ನು ಇಬ್ಬರಿಗಾದರೂ ಕಲಿಸಿಟ್ಟರೆ ಒಬ್ಬಳ ರಜೆಯಿಂದ ಯಂತ್ರ ನಿಲ್ಲುವುದಿಲ್ಲ. ಇ.ಎಸ್.ಐ. ಇಲ್ಲದ ಕಡೆ ಸಂಭವನೀಯ ವೆಚ್ಚಕ್ಕೆ ವರ್ಷಾರಂಭದಲ್ಲಿಯೇ ಹಣ ಕಾದಿರಿಸುವುದು ಜಾಣತನ. ಎಲ್ಲಕ್ಕಿಂತ ಮಿಗಿಲಾಗಿ, ಗರ್ಭಿಣಿಯೊಬ್ಬಳ ರಾಜೀನಾಮೆ ಪತ್ರ ಬಂದಾಗ ಮಾಲೀಕನು ಸಹಿ ಹಾಕುವ ಮುನ್ನ ಆಕೆಯನ್ನು ಕರೆಸಿ ಕಾರಣ ಕೇಳಬೇಕು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಪ್ರಕರಣದಲ್ಲಿ ಅಡಿಕೆಯೆಂದರೆ ಒಂದು ಕುರ್ಚಿ ಮತ್ತು ಒಂದು ಒಳ್ಳೆಯ ಮಾತು.