ಅಡವಿಟ್ಟ ಸರ, ಆರುನೂರು ಎಂ.ಎಂ.

ನಮ್ಮೂರಿನ ಹುಡುಗನೊಬ್ಬ ತಾಯಿಯ ಅವಲಕ್ಕಿ ಸರವನ್ನು ಸಹಕಾರಿ ಸಂಘದಲ್ಲಿ ಅಡವಿಟ್ಟು ಕ್ಯಾಮೆರಾ ಲೆನ್ಸು ಕೊಂಡ. 150ರಿಂದ 600 ಎಂ.ಎಂ.ವರೆಗೆ ಚಾಚಿಕೊಳ್ಳುವ, ಹತ್ತಿರ ಹತ್ತಿರ ಎರಡು ಕಿಲೋ ತೂಗುವ ಜೂಮ್. ಅವನ ತಾಯಿ ಅದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, "ಮೇಷ್ಟ್ರೇ, ಇದರಲ್ಲಿ ಮದುವೆ ಫೋಟೋ ಚೆನ್ನಾಗಿ ಬರ್ತದಾ?" ಎಂದು ಕೇಳಿದರು. ಬರುವುದಿಲ್ಲ ಎಂದು ಹೇಳಬೇಕಿತ್ತು. ಕೊಟ್ಟ ಮಜ್ಜಿಗೆ ಕುಡಿದು ಎದ್ದು ಬಂದೆ.

ಹುಡುಗನ ಹೊಟ್ಟೆಪಾಡು ನಡೆಯುವುದು ಮದುವೆ, ನಾಮಕರಣ, ಗೃಹಪ್ರವೇಶಗಳಿಂದ. ನಮ್ಮ ಕಡೆಯ ಮನೆಗಳ ಜಗಲಿಯಲ್ಲಿ ಐವತ್ತು ಜನ ಒತ್ತಿಕೊಂಡು ಕುಳಿತಿರುವಾಗ 600 ಎಂ.ಎಂ. ಹಿಡಿದರೆ ವಧುವಿನ ಮೂಗುತಿ ಬಂದೀತು. ಇಡೀ ವಧು ಬರಬೇಕಾದರೆ ಇವನು ಅಂಗಳ ದಾಟಿ ಅಡಿಕೆ ತೋಟಕ್ಕಿಳಿಯಬೇಕು.

ಹಾಗಾದರೆ ಏಕೆ ಕೊಂಡ? ಪೇಟೆಯ ಅಂಗಡಿಯವನು ತಲೆಗೆ ಕಟ್ಟಿದ ಎಂದು ಬೈದು ಸುಮ್ಮನಾಗಬಹುದಿತ್ತು. ಬೈಯಬೇಕಾದ್ದೇ. ಆದರೆ ಅವನಿಗಿಂತ ಮೊದಲು ತಲೆಗೆ ಕಟ್ಟಿದವನು ನಾನು. ನಮ್ಮ ತಾಲ್ಲೂಕಿನ ಛಾಯಾಚಿತ್ರ ಸ್ಪರ್ಧೆಗೆ ಮೂರು ವರ್ಷ ತೀರ್ಪುಗಾರನಾಗಿದ್ದೆ. ಮೂರು ವರ್ಷವೂ ಮೊದಲ ಬಹುಮಾನ ಹಕ್ಕಿಗೆ ಹೋಯಿತು. ಮಿಂಚುಳ್ಳಿ, ಮತ್ತೆ ಮಿಂಚುಳ್ಳಿ, ಆಮೇಲೆ ಮಂಗಟ್ಟೆ. ಗರಿ ಗರಿ ಎಣಿಸಬಹುದಾದಷ್ಟು ಸ್ಪಷ್ಟ. ಎರಡನೆಯ ವರ್ಷ ಈ ಹುಡುಗ ಯಕ್ಷಗಾನದ ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ವೇಷಧಾರಿಯೊಬ್ಬರ ಚಿತ್ರ ಕಳಿಸಿದ್ದ. ಕೈ ಸ್ವಲ್ಪ ಅಲುಗಿತ್ತು. "ಷಾರ್ಪ್ ಇಲ್ಲ" ಎಂದು ಬರೆದು ಪಕ್ಕಕ್ಕಿಟ್ಟೆ. ಅವನು ಕಲಿತ ಪಾಠ ಸರಳವಾಗಿತ್ತು: ಹಕ್ಕಿ ಬೇಕು, ಹಕ್ಕಿಗೆ ದೊಡ್ಡ ಲೆನ್ಸು ಬೇಕು, ದೊಡ್ಡ ಲೆನ್ಸಿಗೆ ಸರ ಬೇಕು.

ಹಕ್ಕಿ ಚಿತ್ರಗಳ ಮೇಲೆ ನನಗೆ ದ್ವೇಷವಿಲ್ಲ. ಮೂಡಿಗೆರೆಯಲ್ಲಿ ಹಕ್ಕಿಗಳ ಹಿಂದೆ ಬಿದ್ದ ಪೂರ್ಣಚಂದ್ರ ತೇಜಸ್ವಿಯವರಂಥವರಿಗೆ, ಟಿ.ಎನ್.ಎ. ಪೆರುಮಾಳರಂಥವರಿಗೆ ಹಕ್ಕಿಯ ಹುಚ್ಚು ಮೊದಲು, ಲೆನ್ಸು ಆಮೇಲೆ. ನಾವೀಗ ಹುಡುಗರಿಗೆ ಲೆನ್ಸು ಮೊದಲು ಮಾರಿ, ಹುಚ್ಚನ್ನು ಅದರ ಜೊತೆಗೆ ಉಚಿತವಾಗಿ ಕೊಡುತ್ತಿದ್ದೇವೆ.

"ಎಲ್ಲದಕ್ಕೂ ಆಗುವ ಹಾಗೆ ಒಂದು ಸೆಟ್ ಹೇಳಿ ಸಾರ್" ಎಂದು ಕೇಳುವವರಿಗೆ ನಾನೀಗ ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಎಲ್ಲವೂ ಎಂದರೆ ಏನೇನು? ಇದಕ್ಕೆ ಉತ್ತರ ಕ್ಯಾಮೆರಾದೊಳಗೇ ಇರುತ್ತದೆ. ಡಿಜಿಟಲ್ ಚಿತ್ರ ಪ್ರತಿಯೊಂದೂ ತಾನು ಎಷ್ಟು ಎಂ.ಎಂ.ನಲ್ಲಿ ತೆಗೆದದ್ದು ಎಂಬುದನ್ನು ತನ್ನ ಜೊತೆ ಬರೆದಿಟ್ಟುಕೊಂಡಿರುತ್ತದೆ. ಹುಡುಗನ ಎರಡು ವರ್ಷದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹಾಕಿಸಿ ಒಂದು ಮಧ್ಯಾಹ್ನ ನೋಡಿದೆವು. ಕ್ಯಾಮೆರಾದ ಜೊತೆ ಬಂದಿದ್ದ 18-55ರಲ್ಲಿ ತೆಗೆದವು. ಅರ್ಧಕ್ಕರ್ಧ 18ರ ಆಸುಪಾಸು: ಮಂಟಪ, ಊಟದ ಪಂಕ್ತಿ, ಕುಟುಂಬದ ಗುಂಪು. ಉಳಿದವುಗಳಲ್ಲಿ ಹೆಚ್ಚಿನವು 55ಕ್ಕೆ ತಾಗಿಕೊಂಡಿದ್ದವು: ಮುಖಗಳು. ಕೆಟ್ಟವುಗಳೆಲ್ಲ ಒಂದೇ ಕಾರಣಕ್ಕೆ ಕೆಟ್ಟಿದ್ದವು. ಬೆಳಕಿರಲಿಲ್ಲ. ದೂರ ಸಾಲದೆ ಕೆಟ್ಟದ್ದು ನಾಲ್ಕೋ ಐದೋ.

ಎಂದರೆ ಅವನಿಗೆ ಬೇಕಿದ್ದದ್ದು 50 ಎಂ.ಎಂ., ಎಫ್ 1.8. ಪ್ಲಾಸ್ಟಿಕ್ ಮೈಯ, ಜೇಬಿನಲ್ಲಿ ಹಿಡಿಸುವ, ಅಂಗಡಿಯವರು ತೋರಿಸಲು ನಾಚಿಕೊಳ್ಳುವ ಲೆನ್ಸು. ಲೆಕ್ಕ ನೋಡಿ. ಕಿಟ್ ಲೆನ್ಸು 55ರಲ್ಲಿ ತೆರೆಯುವುದು ಎಫ್ 5.6ರವರೆಗೆ ಮಾತ್ರ. 1.8ರಲ್ಲಿ ಒಳಬರುವ ಬೆಳಕು ಅದರ ಸುಮಾರು ಹತ್ತು ಪಟ್ಟು. ಚೌಕಿಯ ದೀಪದಲ್ಲಿ ಸೆಕೆಂಡಿನ ಹನ್ನೆರಡನೆಯ ಒಂದು ಭಾಗ ಕೇಳುವ ಚಿತ್ರವನ್ನು ಇದು ನೂರಿಪ್ಪತ್ತನೆಯ ಒಂದು ಭಾಗದಲ್ಲಿ ಮುಗಿಸುತ್ತದೆ. "ಲೆನ್ಸಿನಲ್ಲೇ ಸ್ಟೆಬಿಲೈಜರ್ ಇದೆಯಲ್ಲ" ಎನ್ನುತ್ತಾರೆ. ಅದು ಹಿಡಿದವನ ಕೈನಡುಕವನ್ನು ತಡೆಯುತ್ತದೆ. ಕುಣಿಯುವ ವೇಷವನ್ನು ತಡೆದು ನಿಲ್ಲಿಸುವುದಿಲ್ಲ. ಲಕ್ಷದ ಹತ್ತಿರ ಬೆಲೆಯ ಆ ಜೂಮ್ 600ರ ತುದಿಯಲ್ಲಿ ಎಫ್ 6.3. ಕಿಟ್ ಲೆನ್ಸಿಗಿಂತಲೂ ಕತ್ತಲು!

50 ಬಡವರ ಲೆನ್ಸು ಎಂದು ಮೂಗು ಮುರಿಯುವವರಿಗೆ ಒಂದು ಮಾತು. 1948ರಲ್ಲಿ ಗಾಂಧೀಜಿಯವರ ಅಂತ್ಯಯಾತ್ರೆಯನ್ನು ಚಿತ್ರಿಸಿದ ಆನ್ರಿ ಕಾರ್ಟಿಯೆ ಬ್ರೆಸಾನ್ ಜೀವಮಾನದ ಬಹುಪಾಲು ಕೆಲಸಕ್ಕೆ ನೆಚ್ಚಿದ್ದು ಒಂದು ಸಣ್ಣ ಲೈಕಾ ಮತ್ತು 50 ಎಂ.ಎಂ. ನಾನು ಕಲಿತದ್ದು ರಷ್ಯದ ಜೆನಿಟ್‌ನಲ್ಲಿ. ಅದರ 58 ಎಂ.ಎಂ. ಹೀಲಿಯೋಸ್ ಬಿಟ್ಟರೆ ಇನ್ನೊಂದು ಲೆನ್ಸು ಹನ್ನೊಂದು ವರ್ಷ ನನ್ನ ಮನೆ ಹೊಕ್ಕಿರಲಿಲ್ಲ. ದೂರದ್ದು ಬೇಕಾದರೆ ನಡೆದುಹೋಗುತ್ತಿದ್ದೆ.

ಹಣ ಕಡಿಮೆಯಿದ್ದವರು ಕೊಳ್ಳಬೇಕಾದ್ದು ಇಷ್ಟೇ ಎಂದು ನನ್ನ ಹಟ. 18-55ನ್ನು ಮಾರಬೇಡಿ, ಹಗಲಿನಲ್ಲಿ ಎಫ್ 8ಕ್ಕಿಟ್ಟರೆ ಅದರ ಚಿತ್ರಕ್ಕೂ ದುಬಾರಿ ಲೆನ್ಸಿನ ಚಿತ್ರಕ್ಕೂ ಮದುವೆ ಆಲ್ಬಮ್ಮಿನಲ್ಲಿ ವ್ಯತ್ಯಾಸ ಹುಡುಕಲು ಹೆಣ್ಣಿನ ಕಡೆಯವರಿಗೆ ಪುರಸೊತ್ತಿರುವುದಿಲ್ಲ. ಜೊತೆಗೊಂದು 50. ದೂರದ್ದು ಬೇಕೇ ಬೇಕು ಎನಿಸಿದರೆ, ಒಂದು ವರ್ಷ ಬಿಟ್ಟು, ಸೆಕೆಂಡ್ ಹ್ಯಾಂಡಿನಲ್ಲಿ 55-200ರಂಥದ್ದೊಂದು. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಹೊಸ ಮೌಂಟಿನ ಮಿರರ್‌ಲೆಸ್ ಕ್ಯಾಮೆರಾ ತಂದ ಮೇಲೆ ಅನುಕೂಲಸ್ಥರು ಹಳೆಯ ಲೆನ್ಸುಗಳನ್ನು ಕೈಬಿಡುತ್ತಿದ್ದಾರೆ. ಅವರು ಬಿಟ್ಟದ್ದನ್ನು ನಾವು ಹಿಡಿಯೋಣ. ಹಿಡಿಯುವಾಗ ಟಾರ್ಚು ಒಯ್ಯಿರಿ. ಲೆನ್ಸಿನ ಹಿಂದಿನಿಂದ ಬೆಳಕು ಬಿಟ್ಟರೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಬೆಲೆ ಕೇಳದೆ ಹಿಂದಕ್ಕೆ ಬನ್ನಿ. ಮುಂದಿನ ಗಾಜಿನ ಸಣ್ಣ ಗೀರಿಗೆ ಹೆದರಬೇಡಿ, ಹಿಂದಿನ ಗಾಜಿನ ಗೀರಿಗೆ ಹೆದರಿ. ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಬ್ಯಾಗಿನಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನನ್ನದೊಂದು ಲೆನ್ಸು ಹೀಗೇ ಬೂಸಲು ತಿಂದು ಸತ್ತಿತು.

ಕಳೆದ ಸುಗ್ಗಿಯಲ್ಲಿ ನನ್ನ ಹಳೆಯ ನಿಕಾನ್ 50ನ್ನು ಹುಡುಗನಿಗೆ ಕೊಟ್ಟೆ. ಅದು ಡಿ ಮಾದರಿ. ಇವನ ಡಿ3000 ಸರಣಿಯ ಕ್ಯಾಮೆರಾದೊಳಗೆ ಫೋಕಸ್ ಮೋಟಾರು ಇಲ್ಲದ್ದರಿಂದ ಕೈಯಲ್ಲೇ ತಿರುಗಿಸಬೇಕು. (ಹೊಸತು ಕೊಳ್ಳುವವರು ಜಿ ಮಾದರಿ ಕೇಳಿ.) ಗೊಣಗುತ್ತಲೇ ಒಯ್ದ. ಅದೇ ಚೌಕಿಗೆ ಹೋಗಿ ಕುಳಿತ. ಬೆಳಗಿನ ಜಾವ ಕಿರೀಟ ಬಿಚ್ಚಿಟ್ಟು, ಅರ್ಧ ಬಣ್ಣ ಒರೆಸಿದ ಮುಖದಲ್ಲಿ ಚಹಾ ಕುಡಿಯುತ್ತಿರುವ ಕಲಾವಿದರೊಬ್ಬರನ್ನು ತೆಗೆದು ತಂದ. ಬಹಳ ಹೊತ್ತು ನೋಡಿದೆ. ಒಂದು ಕಣ್ಣು ಮಾತ್ರ ಸ್ಪಷ್ಟವಾಗಿತ್ತು. ಅಷ್ಟು ಸಾಕಿತ್ತು. ಎರಡು ವರ್ಷದ ಹಿಂದೆ ನಾನು "ಷಾರ್ಪ್ ಇಲ್ಲ" ಎಂದು ಬರೆದ ಚಿತ್ರ ಎಲ್ಲಿದೆ ಎಂದು ಕೇಳಿದೆ. "ಅಳಿಸಿಬಿಟ್ಟೆ ಸಾರ್" ಎಂದ.

ದೊಡ್ಡ ಲೆನ್ಸನ್ನು ಮಾರಲಿಟ್ಟಿದ್ದಾನೆ. ಕೊಟ್ಟ ಬೆಲೆಯ ಅರ್ಧಕ್ಕೆ ಕೇಳುತ್ತಿದ್ದಾರೆ. ಸಂಘದ ಬಡ್ಡಿ ನಿಲ್ಲುವುದಿಲ್ಲವಲ್ಲ, ಅರ್ಧಕ್ಕಾದರೂ ಕೊಡು ಎಂದೆ. ಮೊನ್ನೆ ನೋಡಲು ಬಂದವನಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಲೆನ್ಸನ್ನು ಕಿಟಕಿಯಾಚೆ ತೆಂಗಿನ ಮರಕ್ಕೆ ಹಿಡಿದು ನೋಡಿದ. ಏನು ತೆಗೀತೀಯಪ್ಪಾ ಎಂದು ಕೇಳಿದೆ. ಈ ಸಲದ ಸ್ಪರ್ಧೆಗೆ ಎಂದ.