ದಾರಿ ಕೇಳುವುದೂ ಪಾಠವೇ

ಬೋಧನಾಭ್ಯಾಸದಲ್ಲಿ ಸುರಕ್ಷತೆಯ ಮಾತು ಬಂದಾಗಲೆಲ್ಲ ಪ್ರಶಿಕ್ಷಣಾರ್ಥಿಗಳಾದ ನಾವು ‘ಅಪರಿಚಿತರೊಡನೆ ಮಾತನಾಡಬೇಡಿ’ ಎಂದು ಹೇಳಿ ಮುಗಿಸುತ್ತೇವೆ. ಹತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ಇದಿಷ್ಟೇ ಸಾಲದು. ಮುಂದಿನ ವರ್ಷ ಅವರಲ್ಲಿ ಎಷ್ಟೋ ಮಂದಿ ಕಾಲೇಜಿಗೆಂದು ಒಬ್ಬರೇ ಬೇರೆ ಊರಿಗೆ ಹೊರಡುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನ ಖರ್ಚೂ ಅಡ್ಡಿಯಲ್ಲ. ಅಲ್ಲಿ ಇಳಿದಾಗ ಎದುರಿಗಿರುವವರೆಲ್ಲ ಅಪರಿಚಿತರೇ.

ನಾನು ಮಂಡ್ಯದ ಕಡೆಯವಳು. ಮೊದಲ ಸಲ ಹುಬ್ಬಳ್ಳಿಗೆ ಒಬ್ಬಳೇ ಹೋದಾಗ, ಧಾರವಾಡದ ಚಿಗರಿ ಬಸ್ಸು ಎಲ್ಲಿ ಸಿಗುತ್ತದೆಂದು ಹೂ ಮಾರುವ ಅಮ್ಮ ಒಬ್ಬರನ್ನು ಕೇಳಿದೆ. ಚಿಗರಿಯ ನಿಲ್ದಾಣ ರಸ್ತೆಯ ನಡುವೆ. ಟಿಕೆಟ್ಟನ್ನೂ ಹತ್ತುವ ಮೊದಲೇ ಅಲ್ಲಿ ಕೊಳ್ಳಬೇಕು. ಅವರು ಎರಡನ್ನೂ ಬಿಡಿಸಿ ಹೇಳಿ, ಬುಟ್ಟಿ ನೋಡಿಕೊಳ್ಳಲು ಪಕ್ಕದವರಿಗೆ ಒಪ್ಪಿಸಿ, ರಸ್ತೆ ದಾಟಿಸಿದರು. ಹೊರಡುವ ಮುಂಚೆ, “ಎಲ್ಲಿ ಇಳೀತಿ? ಹೇಳ ನೋಡೂಣು, ಯವ್ವಾ” ಎಂದರು. ಪಾಠಯೋಜನೆಯಲ್ಲಿ ಮೌಲ್ಯಮಾಪನದ ಅಂಕಣ ತುಂಬಲು ನಾವೆಷ್ಟು ತಿಣುಕುತ್ತೇವೆ!

ಎಚ್ಚರ ಬೇಡವೆಂದಲ್ಲ, ಕೆಡುಕರೂ ಇದ್ದಾರೆ. ಅದಕ್ಕೇ ಯಾರನ್ನು ಕೇಳಬೇಕು (ಕಂಡಕ್ಟರ್, ವಿಚಾರಣಾ ಕೌಂಟರ್, ಜನರಿರುವ ಅಂಗಡಿ), ಏನನ್ನು ಹೇಳಬಾರದು, 112ಕ್ಕೆ, 1098ಕ್ಕೆ ಯಾವಾಗ ಕರೆ ಮಾಡಬೇಕು ಎಂಬುದನ್ನು ಪಾತ್ರಾಭಿನಯದಲ್ಲಿ ಅಭ್ಯಾಸ ಮಾಡಿಸಬೇಕು. ಕನ್ನಡ ತರಗತಿಯ ಸಂಭಾಷಣೆಯ ಚಟುವಟಿಕೆಗೇ ಇದು ಸೇರುತ್ತದೆ. ವಿಜ್ಞಾನದವಳು ಭಾಷೆಯವರ ತಲೆಗೆ ಕಟ್ಟುತ್ತಿದ್ದಾಳೆ ಎನ್ನಬೇಡಿ. ನನ್ನ ಒಂದು ಅವಧಿಯನ್ನೂ ಬಿಟ್ಟುಕೊಡಲು ಸಿದ್ಧಳಿದ್ದೇನೆ.