ನೆರಳೂ ಸಾಕ್ಷಿಯೇ

ಕ್ವೇಸಾರುಗಳಿಂದ ಹೊರನುಗ್ಗುವ ಅನಿಲಪ್ರವಾಹವನ್ನು ಯಾರೂ ಕಣ್ಣಾರೆ ಕಂಡಿಲ್ಲವಾದುದರಿಂದ ಅದು ರೋಹಿತದ ಗೆರೆಗಳನ್ನೆಣಿಸುವವರ ಊಹಾವಿಲಾಸವೆಂದೂ, ನೇರಳಾತೀತ ರೋಹಿತಕ್ಕಾಗಿ ಉಪಕರಣಗಳನ್ನು ಆಕಾಶಕ್ಕೇರಿಸುವುದು ದುಂದೆಂದೂ ಕಳೆದ ಸಂಚಿಕೆಯ ಲೇಖಕರು ತೀರ್ಪಿತ್ತಿರುವರು. ತೀರ್ಪು ಗಂಭೀರವಾಗಿದೆ, ವಿಚಾರಣೆ ಮಾತ್ರ ನಡೆದಂತಿಲ್ಲ.

1967ರಲ್ಲಿ ರೋಜರ್ ಲಿಂಡ್ಸ್ ವರ್ಣಿಸಿದ ಪಿಎಚ್‌ಎಲ್ 5200 ಎಂಬ ಕ್ವೇಸಾರನ್ನೇ ನೋಡೋಣ. ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಇಂಗಾಲವು 1548 ಮತ್ತು 1551 ಆಂಗ್‌ಸ್ಟ್ರಮ್ ತರಂಗಾಂತರಗಳಲ್ಲಿ ಬೆಳಕನ್ನು ಹೀರುವುದು ಅಳೆದು ನಿಶ್ಚಯಿಸಿದ ಸಂಗತಿ. ಈ ಕ್ವೇಸಾರಿನ ರೋಹಿತದಲ್ಲಾದರೋ, ಇಂಗಾಲದ ಉಜ್ಜ್ವಲ ರೇಖೆಯ ನೀಲಿಯ ಮಗ್ಗುಲಲ್ಲಿ ಅಗಲವಾದ ಕಪ್ಪು ಕಂದಕವೊಂದು ತೆರೆದುಕೊಂಡಿದೆ. ನೀಲಿಯತ್ತ ಸರಿದ ಹೀರಿಕೆಯೆಂದರೆ, ಮೂಲದ ಮುಂದೆ ನಿಂತು ಅದನ್ನಗಲಿ ನಮ್ಮತ್ತ ಧಾವಿಸುವ ಅನಿಲ. ಕಂದಕದ ಅಗಲವು ಹೇಳುವುದು ಸೆಕೆಂಡಿಗೆ ಸಾವಿರಾರು ಕಿಲೋಮೀಟರುಗಳ ವೇಗವನ್ನು.

ವೇಗವನ್ನರಿತ ಮಾತ್ರಕ್ಕೆ ಕೇಂದ್ರದಿಂದ ಅನಿಲಕ್ಕಿರುವ ದೂರವನ್ನರಿತಂತಾಗದೆಂಬ ಅವರ ಆಕ್ಷೇಪವನ್ನು ಒಪ್ಪುವೆನು. ಆದರೆ ಅಯಾನುಗಳ ಉದ್ರೇಕಿತ ಸ್ಥಿತಿಗಳಿಂದ ಹುಟ್ಟುವ ರೇಖೆಗಳು ಅನಿಲದ ಸಾಂದ್ರತೆಯನ್ನೂ, ಆ ಸಾಂದ್ರತೆಯು ಅಯಾನೀಕರಣದ ಮಟ್ಟದೊಡನೆ ಕೂಡಿ ದೂರವನ್ನೂ ತಿಳಿಸಬಲ್ಲವೆಂಬುದನ್ನು ಅವರೇಕೆ ಮರೆತರೋ ಕಾಣೆ.

ಇನ್ನು ದುಂದಿನ ಮಾತು. ಅತಿದೂರದ ಕ್ವೇಸಾರುಗಳ ನೇರಳಾತೀತವು ವಿಶ್ವವಿಸ್ತರಣದಿಂದ ದೃಗ್ಗೋಚರ ಬೆಳಕಾಗಿ ನೆಲದ ದೂರದರ್ಶಕಕ್ಕೂ ದಕ್ಕುವುದು. ಸಮೀಪದವುಗಳದನ್ನು ಓಜೋನೇ ಮೊದಲಾದ ವಾಯುಮಂಡಲದ ಅನಿಲಗಳು ನುಂಗಿಬಿಡುವುವು. 2009ರಲ್ಲಿ ಗಗನಯಾತ್ರಿಗಳು ಹಬಲ್ ದೂರದರ್ಶಕಕ್ಕೆ ಹೊಸ ನೇರಳಾತೀತ ರೋಹಿತದರ್ಶಕವನ್ನು ಜೋಡಿಸಿದುದು ವಿನೋದಕ್ಕಲ್ಲ.

ಗಾಳಿಯನ್ನು ಕಂಡವರಿಲ್ಲ, ಹಾಗೆಂದು ಬಾಗಿದ ತೆಂಗಿನ ಮುಂದೆ ನಿಂತು ಬಿರುಗಾಳಿಯೇ ಇಲ್ಲವೆಂದು ವಾದಿಸುವವರೂ ಇಲ್ಲ.